ಎರಡು ಕೆಮ್ಮಿಗೆ ಹೊರಟ ಬಸ್ಸು

‘ನಿರ್ವಾಹಕಿಯು ಸತತವಾಗಿ ಎರಡು ಬಾರಿ ಕೆಮ್ಮಿದ ಕಾರಣ ವಾಹನವು ನಿಲ್ದಾಣದಿಂದ ಚಲಿಸಿತು.’

ಈ ವಾಕ್ಯ ನಾನು ಕಟ್ಟಿದ್ದಲ್ಲ. ನಮ್ಮ ಬಸ್ ಡಿಪೋದ ಕಡತವೊಂದರಲ್ಲಿ ಸಹಿ, ಮೊಹರು ಸಮೇತ ಕೂತಿದೆ. ಬರೆದವರು ಟಿಕೆಟ್ ತಪಾಸಣೆಯ ಚೆಕಿಂಗ್ ಸಾಹೇಬರು. ಬರೆಯುವಾಗ ಅವರು ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ, ಉರಿಬಿಸಿಲಿನಲ್ಲಿ, ಬಸ್ಸಿಲ್ಲದೆ ನಿಂತಿದ್ದರು. ಕೆಮ್ಮಿದವಳು ಹದಿನಾಲ್ಕನೇ ನಂಬರ್ ಬಸ್ಸಿನ ಕಂಡಕ್ಟರಕ್ಕ. ಕೆಮ್ಮು ಕೇಳಿ ಬಸ್ ಹೊರಡಿಸಿದವನು ಅದರ ಡ್ರೈವರ್. ತಪ್ಪು ಯಾರದು ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯಬೇಕಾಗಿದೆ.

ಕಂಡಕ್ಟರಕ್ಕನಿಗೆ ಐವತ್ತೆರಡು ವರ್ಷ. ಇಪ್ಪತ್ತಮೂರು ವರ್ಷದ ಸರ್ವಿಸು, ಅದರಲ್ಲಿ ಹನ್ನೊಂದು ವರ್ಷ ಇದೇ ಡ್ರೈವರ್ ಜೊತೆ, ಇದೇ ರೂಟಿನಲ್ಲಿ. ಬಸ್ ನಿಲ್ದಾಣದಿಂದ ಹೊರಟು ಕೋರ್ಟು, ದೊಡ್ಡಾಸ್ಪತ್ರೆ, ನೀರಿನ ಟ್ಯಾಂಕು, ಸೇತುವೆ, ಕೊನೆಗೆ ಹತ್ತಿ ಗಿರಣಿಯ ಗೇಟು. ದಿನಕ್ಕೆ ನಾಲ್ಕು ಸಲ ಹೋಗುವುದು, ನಾಲ್ಕು ಸಲ ಬರುವುದು. ನಾನು ಗಿರಣಿಯ ಪಕ್ಕದ ಓಣಿಯವನಾದ್ದರಿಂದ ಅವಳ ಬೈಗುಳ ತಿಂದೇ ಬೆಳೆದ ಪ್ರಯಾಣಿಕ. ‘ಫುಟ್‌ಬೋರ್ಡ್ ನಿಮ್ಮ ಮಾವನ ಮನೆ ಜಗುಲಿ ಅಲ್ಲ, ಒಳಗೆ ಬನ್ನಿ’ ಎಂದು ಆಕೆ ಗದರಿದರೆ ಹಿಂದಿನ ಬಸ್ಸಿನವರೂ ಒಳಗೆ ಸರಿಯುತ್ತಿದ್ದರು. ಅಂಥ ಗಂಟಲು.

ಒಂದೂವರೆ ವರ್ಷದ ಹಿಂದೆ ಆ ಗಂಟಲು ತಗ್ಗಿತು. ಎರಡು ತಿಂಗಳು ನೆಗಡಿ ಎಂದರು, ಆಮೇಲೆ ಧೂಳಿನ ಅಲರ್ಜಿ ಎಂದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿ ಎದೆಯಿಂದ ಒಂದು ಬಾಟಲಿಯಷ್ಟು ನೀರು ತೆಗೆದಾಗ ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಅದು ಬೆನ್ನುಮೂಳೆಗೂ ಕಾಲಿಟ್ಟಾಗಿತ್ತು.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

“ಇದನ್ನ ಪೂರ್ತಿ ಓಡ್ಸೋಕೆ ಆಗಲ್ಲಮ್ಮ. ಕಟ್ಟಿ ಹಾಕಬಹುದು. ದಿನಾ ಒಂದು ಮಾತ್ರೆ, ಮೂರು ತಿಂಗಳಿಗೊಂದು ಸ್ಕ್ಯಾನ್. ಎಲ್ಲಿವರೆಗೂ ಕಟ್ಟು ಗಟ್ಟಿಯಾಗಿರುತ್ತೋ ಅಲ್ಲಿವರೆಗೂ ನಾವು ಗಟ್ಟಿ.”

“ಅಂದ್ರೆ ಮೂರ್ಮೂರು ತಿಂಗಳ ಪಾಸು,” ಎಂದಳಂತೆ ಇವಳು. “ತಾರೀಕು ಮುಗಿಯೋ ಮುಂಚೆ ಬಂದು ರಿನ್ಯೂ ಮಾಡಿಸ್ಕೊಂಡು ಹೋಗ್ಬೇಕು. ಅಷ್ಟೇ ತಾನೇ ಮೇಡಂ?”

ಡಾಕ್ಟರಮ್ಮ ನಗಬೇಕೋ ಬೇಡವೋ ತಿಳಿಯದೆ ಮೇಜಿನ ಮೇಲೆ ಪೆನ್ನಿನ ಕ್ಯಾಪು ಹುಡುಕಿದರಂತೆ.

ಇಲ್ಲೊಂದು ಮಾತು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಈ ಕಾಯಿಲೆಯ ಹೆಸರು ಕಿವಿಗೆ ಬಿದ್ದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ ‘ಹೇಗಿದ್ದೀರಿ’ ಅಲ್ಲ, ‘ಸಿಗರೇಟು ಸೇದ್ತಿದ್ರಾ?’ ಹೆಂಗಸಾದರೆ ಸ್ವಲ್ಪ ನಯ ಮಾಡಿ, ‘ಮನೇಲಿ ಯಾರಾದ್ರೂ ಸೇದ್ತಾರಾ?’ ಇವಳ ಗಂಡ ಟೈಲರ್. ಬಟ್ಟೆಯ ರಾಶಿಯ ನಡುವೆ ಬೆಂಕಿಕಡ್ಡಿ ಗೀರಿದ ಮನುಷ್ಯನೇ ಅಲ್ಲ. ಇಲ್ಲ ಎಂದರೆ ಕೇಳಿದವರ ಮುಖದಲ್ಲಿ ಒಂದು ನಿರಾಶೆ ಕಾಣುತ್ತದೆ, ನೋಡಿ. ಅವರಿಗೆ ಬೇಕಾದದ್ದು ಇವಳ ಆರೋಗ್ಯದ ಸುದ್ದಿಯಲ್ಲ, ತಮ್ಮ ಜೀವಕ್ಕೊಂದು ಬೇಲಿ. ಹೋಗಲಿ, ಸೇದುತ್ತಿದ್ದಳು ಎಂದೇ ಇಟ್ಟುಕೊಳ್ಳೋಣ. ಸೇದಿದವನಿಗೆ ಉಸಿರು ಕಟ್ಟಿದರೆ ಅದು ಉಸಿರಲ್ಲವೇ? ಅವನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರೆ ಅದು ಬೇರೆ ಬಗೆಯ ಕಣ್ಣೀರೇ? ‘ಮಾಡಿದ್ದುಣ್ಣೋ ಮಹಾರಾಯ’ ಎಂದು ರೋಗಿಯ ಮುಖಕ್ಕೆ ಹೇಳಲು ನಮಗೆ ಅಧಿಕಾರ ಕೊಟ್ಟವರು ಯಾರು? ಮೊದಲ ದಿನ ನಾನೂ ಇದನ್ನೇ ಕೇಳಿದ್ದೆ. ಅದಕ್ಕೇ ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ.

ಅವಳು ನನಗೆ ಕೊಟ್ಟ ಉತ್ತರ: “ಸೇದಿದ್ದೀನಿ ಕಣಪ್ಪ, ಇಪ್ಪತ್ತಮೂರು ವರ್ಷ. ಮುಂದೆ ಹೋಗೋ ಲಾರಿ ಸೇದ್ತಿತ್ತು, ನಾನು ಹಿಂದೆ ನಿಂತು ಜೊತೆ ಕೊಡ್ತಿದ್ದೆ.”

ಇದರಿಂದಲೇ ಬಂತು ಎಂದು ಯಾರೂ ಹೇಳಲಾರರು. ಡಾಕ್ಟರಮ್ಮನೂ ಹೇಳಲಿಲ್ಲ. ಆದರೆ ಆ ಉತ್ತರ ಕೇಳಿದ ಮೇಲೆ ಬಸ್ಸಿನಲ್ಲಿ ಆ ಪ್ರಶ್ನೆ ನಿಂತುಹೋಯಿತು.

ಅವಳ ದಿನ ಬೆಳಗ್ಗೆ ಐದಕ್ಕೆ ಶುರುವಾಗುತ್ತದೆ. ತಿಂಡಿಗೆ ಒಂದು ಗಂಟೆ ಮೊದಲು ಮಾತ್ರೆ. ಆ ಒಂದು ಗಂಟೆ ಅತ್ತೆ ಸೊಸೆಯರ ಪಂದ್ಯ. ಆಸ್ಪತ್ರೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ, ಒಳಗೆ ಮೂರು ಗುಂಡು. ಕೊಳವೆ ಬಾಯಲ್ಲಿಟ್ಟು ಉಸಿರು ಎಳೆದರೆ ಗುಂಡುಗಳು ಮೇಲೇರಬೇಕು. ಸೊಸೆಗೆ ಒಂದು ಏರುತ್ತದೆ, ಒಳ್ಳೆಯ ದಿನ ಎರಡು. ಎಂಬತ್ತೊಂದು ವರ್ಷದ ಅತ್ತೆ, ಬಾಯಲ್ಲಿ ಹಲ್ಲಿಲ್ಲದವಳು, ಮೂರನ್ನೂ ಏರಿಸಿ ಕಣ್ಣು ಮಿಟುಕಿಸದೆ ಕೂರುತ್ತಾಳೆ.

“ನೋಡೇ, ಎಂಬತ್ತೊಂದು!” ಎನ್ನುತ್ತಾಳೆ ಕೊಳವೆ ತೆಗೆದು.

“ನಿಮಗೇನತ್ತೆ, ಮೂವತ್ತು ವರ್ಷ ನನ್ನನ್ನ ಬೈದೂ ಬೈದೂ ಶ್ವಾಸಕೋಶ ಪಳಗಿಸಿದ್ದೀರ. ನಾನು ಯಾರನ್ನ ಬೈಯ್ಲಿ?”

“ನನ್ನನ್ನೇ ಬೈಯ್ಯಿ. ಡಾಕ್ಟ್ರು ಹೇಳಿದ್ರು ಅಂತ ಸುಮ್ಮನಿರ್ತೀನಿ.”

ಅತ್ತೆ ಸುಮ್ಮನಿರುವುದಿಲ್ಲ. ಆದರೆ ಸೊಸೆ ಬೈಯುವ ಭರದಲ್ಲಿ ಎರಡನೇ ಗುಂಡು ಏರುತ್ತದೆ.

ಗಂಡ ಮಾತು ಕಡಿಮೆಯ ಮನುಷ್ಯ. ಹೇಳಬೇಕಾದದ್ದನ್ನೆಲ್ಲ ಹೊಲಿದು ಹೇಳುತ್ತಾನೆ. ಮಾತ್ರೆಯ ದೆಸೆಯಿಂದ ಹೆಂಡತಿಯ ಉಗುರಿನ ಸಂದು ಕೆಂಪಾಗಿ ಸೀಳುತ್ತದೆ, ಟಿಕೆಟ್ ಯಂತ್ರದ ಗುಂಡಿ ಒತ್ತಿದರೆ ಜೀವ ಹೋಗುತ್ತದೆ. ಒಂದು ಬೆಳಗ್ಗೆ ಅವಳ ಚೀಲದಲ್ಲಿ ಮೃದು ಹತ್ತಿ ಬಟ್ಟೆಯ ಹತ್ತು ಬೆರಳುಕುಲಾವಿಗಳು ಇದ್ದವು, ಪ್ರತಿ ಬೆರಳಿನ ಅಳತೆಗೆ ಒಂದೊಂದು. ಖಾಕಿ ಬಣ್ಣದಲ್ಲಿ, ಯೂನಿಫಾರ್ಮಿಗೆ ಒಪ್ಪುವ ಹಾಗೆ. ಯಾವಾಗ ಅಳತೆ ತೆಗೆದ ಎಂದು ಅವಳಿಗೂ ಗೊತ್ತಿಲ್ಲ.

ಅದೇ ಮಾತ್ರೆಯಿಂದ ಮುಖದ ತುಂಬ ಮೊಡವೆ. ಕಾಲೇಜು ಹುಡುಗಿಯರು ಬಸ್ಸೇರಿದರೆ ಇವಳೇ ಕೇಳುತ್ತಾಳೆ: “ನಿಮ್ಮದು ಯಾವ ಕ್ರೀಮು? ನನಗೂ ಈ ವಯಸ್ಸು ಎರಡನೇ ಸಲ ಬಂದಿದೆ.” ಅದೇ ಮಾತ್ರೆಯಿಂದ ಹೊಟ್ಟೆಯೂ ಕೈಕೊಡುತ್ತದೆ, ಹೇಳದೆ ಕೇಳದೆ. ಅದಕ್ಕೆ ಅವಳ ಹತ್ತಿರ ಒಂದು ನಕ್ಷೆ ಇದೆ, ಕಾಗದದಲ್ಲಲ್ಲ, ತಲೆಯಲ್ಲಿ. ಕೋರ್ಟಿನ ಹಿಂದಿನ ಶೌಚಾಲಯಕ್ಕೆ ಚಿಲಕವಿಲ್ಲ. ದೊಡ್ಡಾಸ್ಪತ್ರೆಯದಕ್ಕೆ ನೀರಿಲ್ಲ. ಪೆಟ್ರೋಲ್ ಬಂಕಿನದು ಪರವಾಗಿಲ್ಲ. ಗಿರಣಿ ಗೇಟಿನ ವಾಚ್‌ಮನ್ ಕೀಲಿಯನ್ನು ಇವಳಿಗೆಂದೇ ಮೊಳೆಗೆ ನೇತುಹಾಕಿರುತ್ತಾನೆ. ಒಂದು ಊರಿನ ಯೋಗ್ಯತೆ ತಿಳಿಯಬೇಕಾದರೆ ಅದರ ಪ್ರತಿಮೆಗಳನ್ನು ನೋಡಬಾರದು, ದುಡಿಯುವ ಹೆಂಗಸಿಗೆ ಹೊಟ್ಟೆ ಕೆಟ್ಟ ದಿನ ಎಷ್ಟು ಬಾಗಿಲು ತೆರೆದಿವೆ ಎಂದು ನೋಡಬೇಕು. ನಮ್ಮೂರಿನಲ್ಲಿ, ಅವಳ ನಕ್ಷೆಯ ಪ್ರಕಾರ, ಎರಡು. ಆ ಎರಡರ ಬಳಿ ಡ್ರೈವರ್ ಟೈರು ನೋಡುವ ನೆಪದಲ್ಲಿ ಇಳಿಯುತ್ತಾನೆ. ಬಸ್ ಐದು ನಿಮಿಷ ನಿಲ್ಲುತ್ತದೆ.

“ಈ ಬಸ್ಸಿನ ಟೈರಿಗೆ ಏನು ದೊಡ್ಡ ರೋಗ ರೀ?” ಎಂದು ಹೊಸ ಪ್ರಯಾಣಿಕರು ಗೊಣಗಿದರೆ ಹಳಬರು ಹೇಳುತ್ತಾರೆ, “ಸುಮ್ನೆ ಕೂತ್ಕೊಳ್ಳಿ, ಗಾಳಿ ನೋಡ್ತಿದ್ದಾರೆ.”

ಇಷ್ಟೆಲ್ಲ ಸಂಭಾಳಿಸಿದವಳಿಗೆ ಸಂಭಾಳಿಸಲು ಆಗದೇ ಹೋದದ್ದು ಒಂದೇ, ವಿಷಲ್.

ಕಂಡಕ್ಟರಿಗೆ ವಿಷಲ್ ಎಂದರೆ ಮೂರನೇ ಕೈ. ಒಂದು ಊದಿದರೆ ‘ಹೋಲ್ಡಾನ್’, ನಿಲ್ಲು. ಎರಡು ಊದಿದರೆ ‘ರೈಟ್’, ಹೊರಡು. ಅವಳಿಗೆ ಒಂದು ಊದಲು ಉಸಿರಿತ್ತು. ಎರಡನೆಯದು ಅರ್ಧದಲ್ಲೇ ಗಾಳಿಯಾಗಿ ಸೋರುತ್ತಿತ್ತು. ಕೂಗೋಣವೆಂದರೆ ಇಂಜಿನ್ನಿನ ಸದ್ದಿನಲ್ಲಿ ಹೊಸ ಗಂಟಲು ನಾಲ್ಕನೇ ಸೀಟು ದಾಟುತ್ತಿರಲಿಲ್ಲ. ಬಸ್ಸಿನ ತಗಡು ಬಡಿಯೋಣವೆಂದರೆ ಬೆರಳು ಒಪ್ಪುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಡ್ರೈವರ್ ಕೇಳಲೂ ಇಲ್ಲ. ಅವನು ಸದ್ದಿಲ್ಲದೆ ತನ್ನ ಕಿವಿಯನ್ನು ಚುರುಕು ಮಾಡಿಕೊಂಡ. ಮೊದಲು ಅರ್ಧ ವಿಷಲ್ಲಿಗೆ ಹೊರಟ, ಆಮೇಲೆ ಕಾಲು ವಿಷಲ್ಲಿಗೆ. ಆಮೇಲೆ ಅವಳು ವಿಷಲ್ ಬಾಯಿಗಿಟ್ಟು ಎರಡು ಸಲ ಉಸಿರು ಬಿಟ್ಟರೂ ಸಾಕಾಗುತ್ತಿತ್ತು. ಹಿಂದಿನ ಬಾಗಿಲಿನಲ್ಲಿ ಅವಳು ಬಿಟ್ಟ ಉಸಿರು ಮುಂದೆ ಗೇರಿನ ಪಕ್ಕ ಕೂತವನಿಗೆ ಕೇಳುತ್ತಿತ್ತು. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಹನ್ನೊಂದು ವರ್ಷ ಸಂಸಾರ ಮಾಡಿದವರ ನಡುವೆಯೂ ಇಂಥದ್ದು ನಾನು ಕಂಡಿದ್ದು ಕಡಿಮೆ.

ಎಡವಟ್ಟಾದದ್ದು ಈ ಒಳ್ಳೆಯತನದಿಂದಲೇ.

ಅವತ್ತು ಹತ್ತೂವರೆಯ ಟ್ರಿಪ್ಪು. ಚೆಕಿಂಗ್ ಸಾಹೇಬರು ದೊಡ್ಡಾಸ್ಪತ್ರೆಯ ಹತ್ತಿರ ಹತ್ತಿ ಎಲ್ಲರ ಟಿಕೆಟ್ ನೋಡಿದರು. ಎಲ್ಲ ಸರಿಯಾಗಿತ್ತು, ಅದರಿಂದ ಅವರ ಮುಖ ಸಪ್ಪಗಾಗಿತ್ತು. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಇಳಿದವರ ಟಿಕೆಟನ್ನಾದರೂ ನೋಡೋಣವೆಂದು ತಮ್ಮ ಬ್ಯಾಗನ್ನು ಕಂಡಕ್ಟರ್ ಸೀಟಿನ ಮೇಲಿಟ್ಟು ಕೆಳಗಿಳಿದರು. ಆಗಲೇ ಪಕ್ಕದಲ್ಲಿ ಹಾದ ಲಾರಿ ಹೊಗೆ ಉಗುಳಿತು. ಕಂಡಕ್ಟರಕ್ಕ ಕೆಮ್ಮಿದಳು. ಒಂದು. ಎರಡು.

ಬಸ್ ಹೊರಟಿತು.

“ಏಯ್! ನಿಲ್ಸೋ! ನನ್ನ ಬ್ಯಾಗು!” ಎಂದು ಸಾಹೇಬರು ಓಡಿದರು. ಅವಳು ಹೋಲ್ಡಾನ್ ಕೊಡಬೇಕು, ಆದರೆ ಕೆಮ್ಮು ಬಿಡುತ್ತಿಲ್ಲ. ಬಸ್ಸಿನವರೆಲ್ಲ ಕೂಗಿದರು. ಪ್ರಯಾಣಿಕರ ಕೂಗಿಗೆ ಬ್ರೇಕ್ ಹಾಕುವ ಅಭ್ಯಾಸ ನಮ್ಮ ಡ್ರೈವರಿಗಿಲ್ಲ. ಹಾಕಿದ್ದರೆ ಹದಿನಾಲ್ಕನೇ ನಂಬರ್ ಇನ್ನೂ ನಿಲ್ದಾಣವನ್ನೇ ಬಿಡುತ್ತಿರಲಿಲ್ಲ. ಬಸ್ ನಿಂತದ್ದು ಸೇತುವೆ ದಾಟಿದ ಮೇಲೆ. ಸಾಹೇಬರ ಕಾಗದ ಬ್ಯಾಗಿನಲ್ಲಿ, ಬ್ಯಾಗು ಬಸ್ಸಿನಲ್ಲಿ. ಎದುರಿನ ಬೇಕರಿಯಲ್ಲಿ ಬನ್ನು ಸುತ್ತುವ ಕಾಗದ ಈಸಿಕೊಂಡು ಅಲ್ಲೇ ವರದಿ ಬರೆದರು. ಮೊಹರು ಆಮೇಲೆ ಡಿಪೋದಲ್ಲಿ ಬಿತ್ತು. ಆ ಕಡತದ ಮೇಲೆ ಇಂದಿಗೂ ಎಣ್ಣೆಯ ಕಲೆಯಿದೆ.

ಊರೆಲ್ಲ ನಕ್ಕಿತು. ನಾನೂ ನಕ್ಕೆ. ನಗದಿದ್ದವಳು ಅವಳೊಬ್ಬಳೇ.

“ನಗ್ಬೇಡಿ,” ಎಂದಳು ಮರುದಿನ. “ಬುಟ್ಟಿ ಹೊತ್ಕೊಂಡ ಹೆಂಗಸೊಬ್ಬಳು ಹತ್ತೋಕೆ ಕಂಬಿ ಹಿಡಿದಿದ್ದಳು. ಬಸ್ ಅಲುಗಾಡಿದ ತಕ್ಷಣ ಕೈ ಬಿಟ್ಟಳು. ಕಾಲು ಇನ್ನೂ ನೆಲದ ಮೇಲಿತ್ತು. ಮೆಟ್ಟಿಲ ಮೇಲಿದ್ದಿದ್ರೆ?”

ಅವಳ ಕಾಯಿಲೆಯ ಬಗ್ಗೆ ಅವಳೇ ಮಾಡುವ ಜೋಕು ನೂರು. ಈ ಒಂದರ ಬಗ್ಗೆ ಮಾತ್ರ ಮಾಡಲಿಲ್ಲ.

ಡಿಪೋ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಕೆಟ್ಟವರೇನಲ್ಲ. ಅದೇ ತೊಂದರೆ.

“ನೋಡೀಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು,” ಎಂದರು. ಹೀಗೆ ಶುರುವಾದ ಮಾತು ಯಾರದಾದರೂ ಒಳ್ಳೆಯದರಲ್ಲಿ ಮುಗಿದದ್ದನ್ನು ನಾನಂತೂ ಕಂಡಿಲ್ಲ. “ಕಳೆದುಹೋದ ವಸ್ತುಗಳ ರೂಮಲ್ಲಿ ಒಂದು ಕುರ್ಚಿ ಖಾಲಿ ಇದೆ. ಫ್ಯಾನಿದೆ, ಕಿಟಕಿ ಇದೆ. ಕೂತ್ಕೊಂಡು ಕೊಡೆ, ಚೀಲ ಎಲ್ಲ ಬರ್ಕೊಂಡ್ರೆ ಆಯ್ತು. ಹೊಗೆ ಇಲ್ಲ, ಧೂಳಿಲ್ಲ.”

“ನನ್ನನ್ನ ಯಾರೂ ಕಳ್ಕೊಂಡಿಲ್ವಲ್ಲ ಸಾರ್, ನಾನ್ಯಾಕೆ ಆ ರೂಮಲ್ಲಿ?”

ಡ್ರೈವರ್ ನಗು ತಡೆಯಲು ಟೋಪಿ ಸರಿಮಾಡಿಕೊಂಡ.

“ತಮಾಷೆ ಅಲ್ಲಮ್ಮ.”

“ನಾನೂ ತಮಾಷೆ ಮಾಡ್ತಿಲ್ಲ ಸಾರ್. ಮನೇಲಿ ಕೂತ್ರೆ ನಾನು ರೋಗಿ. ಬಸ್ಸಲ್ಲಿ ನಿಂತ್ರೆ ಕಂಡಕ್ಟರ್. ರೋಗಿ ಜೊತೆ ಯಾರೂ ಜಗಳ ಆಡಲ್ಲ, ಎಲ್ಲರೂ ಮೆತ್ತಗೆ ಮಾತಾಡ್ತಾರೆ. ನನಗೆ ದಿನಕ್ಕೆ ನಾಲ್ಕು ಜಗಳ ಆದ್ರೂ ಬೇಕು. ಆದ್ರೆ ಒಂದು ಮಾತು.” ಇಲ್ಲಿ ಅವಳು ತುಟಿ ಕಿರಿದು ಮಾಡಿ, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ, ಬಿಸಿ ಚಹಾ ಆರಿಸುವವಳಂತೆ ನಿಧಾನ ಉಸಿರು ಬಿಟ್ಟಳು. “ನಿನ್ನೆ ಆ ಹೆಂಗಸು ಬಿದ್ದಿದ್ರೆ ನಾನೇ ಕೆಲಸ ಬಿಟ್ಟು ಹೋಗ್ತಿದ್ದೆ. ಒಂದು ವಾರ ಟೈಮ್ ಕೊಡಿ. ವಿಷಲ್ ಇಲ್ದೆ ಬಸ್ ನಡೆಸೋದು ಹೇಗೆ ಅಂತ ತೋರಿಸ್ತೀವಿ. ಆಗದಿದ್ರೆ ನಾನೇ ಬಂದು ನಿಮ್ಮ ಕೊಡೆ ಎಣಿಸ್ತೀನಿ.”

ಮ್ಯಾನೇಜರ್ ಕ್ಯಾಲೆಂಡರ್ ನೋಡಿದರು. “ಮುಂದಿನ ಸೋಮವಾರ ನಾನೇ ಬಸ್ಸಲ್ಲಿ ಬರ್ತೀನಿ. ಇವರೂ ಬರ್ತಾರೆ,” ಎಂದು ಚೆಕಿಂಗ್ ಸಾಹೇಬರ ಕಡೆ ತೋರಿಸಿದರು. “ನೀವು ಕೆಮ್ಮಿದಾಗ ಬಸ್ ಒಂದು ಗೇಣು ಮುಂದೆ ಹೋದ್ರೂ ಅವತ್ತಿಂದಲೇ ಆ ರೂಮು.”

ಆ ವಾರ ಅವಳು ರಜೆ ಹಾಕಿದಳು. ಮೊದಲ ಎರಡು ದಿನ ಡ್ರೈವರ್ ಡಿಪೋದ ಗುಜರಿ ಕೋಣೆಯಲ್ಲಿ ಹಳೆಯ ಬಸ್ಸುಗಳ ಅಸ್ಥಿಪಂಜರದ ನಡುವೆ ತಡಕಾಡಿ ಒಂದು ಹಿತ್ತಾಳೆ ಗಂಟೆ ತಂದ. ಹಿಂದೆಲ್ಲ ಹಗ್ಗ ಎಳೆದು ಗಂಟೆ ಬಾರಿಸುವ ಬಸ್ಸುಗಳಿದ್ದವಲ್ಲ, ಅದರದು. ಡಿಪೋದ ಮೆಕ್ಯಾನಿಕ್ ಅದನ್ನು ಡ್ರೈವರ್ ತಲೆಯ ಮೇಲೆ ಕೂರಿಸಿಕೊಟ್ಟ. ಹಗ್ಗ ಒರಟಾಗಿತ್ತು, ಅವಳ ಬೆರಳಿಗೆ ಆಗುತ್ತಿರಲಿಲ್ಲ. ಟೈಲರ್ ಗಂಡ ಒಂದು ಮಾತೂ ಆಡದೆ ಬಸ್ಸಿನ ಉದ್ದ ಅಳೆದುಕೊಂಡು ಹೋಗಿ, ಪೈಜಾಮಕ್ಕೆ ಹಾಕುವ ಲಾಡಿಯನ್ನೇ ಮೂರು ಪದರ ಸೇರಿಸಿ ಹೊಲಿದು ತಂದ. ಎರಡೆರಡು ಸೀಟಿಗೊಂದು ಬಟ್ಟೆಯ ಬಳೆ. ಬೆರಳು ಬೇಡ, ಮೊಣಕೈ ತೂರಿಸಿ ಎಳೆದರೂ ಸಾಕು, ಟಿಣ್ ಎನ್ನುತ್ತಿತ್ತು.

“ಅಕ್ಕಾ, ಮೆಲ್ಲಗೆ ಎಳೀರಿ,” ಎಂದ ಡ್ರೈವರ್. “ಲಾಡಿ ಬಿಚ್ಚಿದ್ರೆ ಬಸ್ಸಿನ ಮಾನ ಹೋಗುತ್ತೆ.”

“ನಿನ್ನ ಮುಖಕ್ಕೆ! ನೀನು ಓಡಿಸೋ ಸ್ಪೀಡಿಗೆ ಅದರ ಮಾನ ಎಂದೋ ಹೋಗಿದೆ.”

ಗಂಟೆ ಸುಲಭದ ಕೆಲಸ. ಕಷ್ಟದ್ದು ಡ್ರೈವರನ ಬಲಗಾಲು. ಹನ್ನೊಂದು ವರ್ಷದಿಂದ, ಹಿಂದಿನ ಬಾಗಿಲಿನಲ್ಲಿ ಅವಳಿಂದ ಎರಡು ಸದ್ದು ಬಂದರೆ ಸಾಕು, ತಲೆಯನ್ನು ಕೇಳದೆ ತಾನೇ ಹೊರಡುವ ಕಾಲು. ಅದಕ್ಕೆ ಈಗ ಕೆಮ್ಮು ಬೇರೆ, ಗಂಟೆ ಬೇರೆ ಎಂದು ಪಾಠ ಹೇಳಬೇಕು. ಎಲ್ಲಿ ಹೇಳುವುದು? ಬಸ್ಸಿನಲ್ಲಿ ಅಭ್ಯಾಸ ಮಾಡಿದರೆ ಯಾರಾದರೂ ಬೀಳುತ್ತಾರೆ.

ಉಪಾಯ ಹೊಳೆದದ್ದು ಅತ್ತೆಗೆ. ಮಗನ ಅಂಗಡಿಯಲ್ಲಿ ಮೋಟಾರಿನ ಹೊಲಿಗೆ ಯಂತ್ರವಿದೆ. ಪೆಡಲ್ ಒತ್ತಿದರೆ ಹೊಲಿಗೆ ಬೀಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬಸ್ಸಿನ ಆಕ್ಸಿಲರೇಟರಿಗೂ ಅದಕ್ಕೂ ಏನು ವ್ಯತ್ಯಾಸ? ದಿನವೂ ಡ್ಯೂಟಿ ಮುಗಿಸಿ ಬಂದ ಡ್ರೈವರ್ ಶೂ ಕಳಚಿ, ಪೆಡಲ್ ಮೇಲೆ ಬಲಗಾಲಿಟ್ಟು, ಸೂಜಿಯ ಕೆಳಗೆ ಒಂದು ಚಿಂದಿ ಬಟ್ಟೆ ಇಟ್ಟುಕೊಂಡು, ಕೈಯಲ್ಲಿ ಸ್ಟೀರಿಂಗಿನ ಹಾಗೆ ಒಂದು ಊಟದ ತಟ್ಟೆ ಹಿಡಿದು ಕೂರುವುದು. ಹಿಂದೆ ಬಾಗಿಲ ಬಳಿ ಮಣೆಯ ಮೇಲೆ ಅತ್ತೆ ಕೂರುವುದು. ಅವಳ ಕೈಯಲ್ಲಿ ಒಂದು ಲೋಟ, ಒಂದು ಚಮಚ. ಕೆಮ್ಮಿದರೆ ಕಾಲು ಸುಮ್ಮನಿರಬೇಕು, ಲೋಟ ಎರಡು ಸಲ ಟಿಣ್ ಎಂದರೆ ಮಾತ್ರ ಒತ್ತಬೇಕು.

ಅತ್ತೆ ಕೆಮ್ಮಿದ ಕೆಮ್ಮೋ! ಎಂಬತ್ತೊಂದು ವರ್ಷ ಸುಮ್ಮನೆ ಕಳೆದ ಪ್ರತಿಭೆ. ಒಣಕೆಮ್ಮು, ಕಫದ ಕೆಮ್ಮು, ಅನ್ನ ನೆತ್ತಿಗೇರಿದ ಕೆಮ್ಮು, ಸಾಲ ಕೇಳಲು ಬಂದವರ ಕೆಮ್ಮು. ಡ್ರೈವರ್ ತನ್ಮಯನಾಗಿ ತಟ್ಟೆ ತಿರುಗಿಸುತ್ತಿರುವಾಗ ಹಿಂದಿನಿಂದ ಖೊಕ್ ಖೊಕ್ ಎಂದು ಬಿಡುವಳು, ಸೂಜಿ ಟಕಟಕ ಓಡುವುದು. ಟೈಲರ್ ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ಕೆಮ್ಮಿಗೆ ಬಿದ್ದ ಹೊಲಿಗೆಗಳನ್ನಷ್ಟೇ ಎಣಿಸುವನು.

“ಮಂಗಳವಾರ ಇಪ್ಪತ್ತಾರು ಹೊಲಿಗೆ,” ಎಂದ ಮೊದಲ ದಿನ. ಅವನು ಆ ದಿನ ಆಡಿದ ಮಾತು ಅದೊಂದೇ.

“ಅಜ್ಜೀ, ನೀವು ಮೋಸ ಮಾಡ್ತಿದ್ದೀರ,” ಎಂದ ಡ್ರೈವರ್ ಬೆವರು ಒರೆಸುತ್ತ. “ಥೇಟ್ ಅಕ್ಕನ ಹಾಗೇ ಕೆಮ್ತೀರ.”

“ಮತ್ತಿನ್ಯಾರ ಹಾಗೆ ಕೆಮ್ಲೋ? ಪಕ್ಕದ ಗೋಡೆಯಾಚೆ ದಿನಾ ಕೇಳಿಸ್ಕೊಳ್ಳೋದು ಅದನ್ನೇ ತಾನೇ.”

ಡ್ರೈವರ್ ಪೆಡಲ್ ಮೇಲಿಂದ ಕಾಲು ತೆಗೆದ. ಆಮೇಲೆ ಅತ್ತೆಯೇ ಲೋಟ ಬಾರಿಸಿ, “ಯಾಕೋ ನಿಂತೆ? ರೈಟ್ ಕೊಟ್ಟಾಯ್ತಲ್ಲ, ಒತ್ತು!” ಎಂದಳು.

ಗುರುವಾರ ಹನ್ನೊಂದು ಹೊಲಿಗೆ. ಶನಿವಾರ ಮೂರು. ಭಾನುವಾರ ಅತ್ತೆ ತನ್ನ ಭಂಡಾರವೆಲ್ಲ ಖಾಲಿ ಮಾಡಿದರೂ ಕೆಮ್ಮಿಗೆ ಒಂದು ಹೊಲಿಗೆಯೂ ಬೀಳಲಿಲ್ಲ.

ಸೋಮವಾರ ಬೆಳಗ್ಗೆ ಮ್ಯಾನೇಜರ್ ಹಿಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಚೆಕಿಂಗ್ ಸಾಹೇಬರು. ಬ್ಯಾಗು ಈ ಸಲ ತೊಡೆಯ ಮೇಲೆ, ಪಟ್ಟಿ ಮುಂಗೈಗೆ ಸುತ್ತಿಕೊಂಡು. ಬಸ್ಸಿನಲ್ಲಿ ಎಂದಿಗಿಂತ ಹೆಚ್ಚು ಜನ. ನನಗಂತೂ ಅವತ್ತು ಗಿರಣಿಯ ಕಡೆಯಿಂದ ಪೇಟೆಗೆ ಬಂದು ಮತ್ತೆ ಗಿರಣಿಗೆ ಹೋಗುವ ಕೆಲಸವೇನೂ ಇರಲಿಲ್ಲ. ಉಳಿದವರಿಗೆ ಏನು ಕೆಲಸವಿತ್ತೋ ನಾನು ಕೇಳಲಿಲ್ಲ. ಎಲ್ಲರೂ ಕಿಟಕಿಯಾಚೆ ನೋಡುತ್ತ, ಕಿವಿಯನ್ನು ಒಳಗೇ ಬಿಟ್ಟುಕೊಂಡು ಕೂತಿದ್ದರು.

ಕೋರ್ಟು. ಟಿಣ್, ನಿಂತಿತು. ಟಿಣ್ ಟಿಣ್, ಹೊರಟಿತು. ದೊಡ್ಡಾಸ್ಪತ್ರೆ, ಹಾಗೆಯೇ. ಅವಳು ಕಂಬಿಗೆ ಬೆನ್ನು ಕೊಟ್ಟು, ಖಾಕಿ ಕುಲಾವಿಯ ಬೆರಳಲ್ಲಿ ಟಿಕೆಟ್ ಹರಿಯುತ್ತ, ಮೊಣಕೈಯಿಂದ ಲಾಡಿ ಎಳೆಯುತ್ತ ಬಂದಳು. ಮ್ಯಾನೇಜರ್‌ಗೂ ಟಿಕೆಟ್ ಕೊಟ್ಟಳು.

“ನನಗೆ ಪಾಸಿದೆಯಮ್ಮ.”

“ತೋರ್ಸಿ.”

ಅವರು ಜೇಬೆಲ್ಲ ತಡಕಿ ತೋರಿಸಿದರು.

ನೀರಿನ ಟ್ಯಾಂಕು ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತತೊಡಗಿದರು. ಆ ಸ್ಟಾಪಿನಲ್ಲಿ ಲಾರಿಗೇನು ಬರ, ಒಂದು ಬಂದೇ ಬಂತು. ಹೊಗೆ ಒಳಗೆ ನುಗ್ಗಿತು. ಅವಳು ಕರವಸ್ತ್ರ ತೆಗೆಯುವಷ್ಟರಲ್ಲಿ ಕೆಮ್ಮು ಬಂದೇ ಬಿಟ್ಟಿತು. ಒಂದು. ಎರಡು.

ನಾನು ಮುಂದೆ ಕೂತಿದ್ದೆ, ನನಗೆ ಡ್ರೈವರನ ಬಲಗಾಲು ಕಾಣುತ್ತಿತ್ತು. ಅದು ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿತು. ಹಿಂದೆ ಎರಡು ಬಸ್ಸು, ಒಂದು ಆಟೋ ಹಾರ್ನ್ ಬಾರಿಸತೊಡಗಿದವು. ಕೆಮ್ಮು ನಿಲ್ಲಲಿಲ್ಲ. ಮೂರು, ನಾಲ್ಕು, ಐದು. ಅವಳು ಬಗ್ಗಿ ಕಂಬಿ ಹಿಡಿದಳು. ಮ್ಯಾನೇಜರ್ ಅರ್ಧ ಎದ್ದರು. ಚೆಕಿಂಗ್ ಸಾಹೇಬರು ಯಾಕೋ ಅವರ ತೋಳು ಹಿಡಿದು ಕೂರಿಸಿದರು.

“ಇರಿ ಸಾರ್. ಬಸ್ಸು ಇನ್ನೂ ಅಲುಗಾಡಿಲ್ಲ.”

ಅವಳು ತುಟಿ ಕಿರಿದು ಮಾಡಿ ಊದಿದಳು. ಮತ್ತೆ ಊದಿದಳು. ಆ ಹೊತ್ತಿನಲ್ಲಿ ಹಿಂದಿನ ಬಾಗಿಲಿನಿಂದ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಧಾನವಾಗಿ ಒಂದು ಕಾಲು ಇಟ್ಟಳು, ಇನ್ನೊಂದು ಕಾಲು ಇಟ್ಟಳು, ಬುಟ್ಟಿ ಇಳಿಸಿದಳು, ಸೆರಗು ಸರಿಮಾಡಿಕೊಂಡಳು.

“ಅಬ್ಬ, ಇವತ್ತು ಬಿಟ್ಟು ಹೋಗಲಿಲ್ವಲ್ಲ,” ಎಂದಳು.

ಕಂಡಕ್ಟರಕ್ಕ ಅವಳ ಎರಡೂ ಪಾದಗಳನ್ನು ನೋಡಿದಳು, ಎರಡೂ ಒಳಗಿದ್ದವು. ಆಮೇಲೆ ಮೊಣಕೈ ಎತ್ತಿ ಬಳೆಯೊಳಗೆ ತೂರಿಸಿದಳು.

ಟಿಣ್ ಟಿಣ್.

ಬಸ್ ಹೊರಟಿತು. ಹಿಂದಿನ ಸೀಟಿನಿಂದ ಯಾರೋ ಖುಷಿಗೆ ವಿಷಲ್ ಹಾಕಿದರು. ಡ್ರೈವರ್ ಬ್ರೇಕ್ ಒತ್ತಿ, ಹಿಂದೆ ತಿರುಗಿ, “ಯಾವನೋ ಅದು? ಈ ಬಸ್ಸಲ್ಲಿ ವಿಷಲ್ ಹೊಡೆದ್ರೆ ಇಳಿಸಿ ಹೋಗ್ತೀನಿ!” ಎಂದು ಕೂಗಿದ.

ಗಿರಣಿ ಗೇಟಿನಲ್ಲಿ ಮ್ಯಾನೇಜರ್ ಇಳಿದು ಗಂಟೆಯನ್ನೂ ಲಾಡಿಯನ್ನೂ ಇನ್ನೊಮ್ಮೆ ನೋಡಿದರು. ನಿಯಮದ ಪುಸ್ತಕದಲ್ಲಿ ‘ಸಂಕೇತ’ ಎಂದಿದೆಯೇ ಹೊರತು ವಿಷಲ್ಲೇ ಆಗಬೇಕೆಂದು ಬರೆದಿಲ್ಲ ಎಂಬುದು ಅವರಿಗೆ ಅಲ್ಲಿಯೇ ನೆನಪಾಯಿತು. ಒಂದು ವಾರ ಮೊದಲು ನೆನಪಾಗಿದ್ದರೆ ಒಂದು ಚಿಂದಿ ಬಟ್ಟೆ ಉಳಿಯುತ್ತಿತ್ತು. ಇರಲಿ. ಪುಸ್ತಕದಲ್ಲಿ ನಮ್ಮ ಕಡೆಯ ಸಾಲು ಕಣ್ಣಿಗೆ ಬೀಳಬೇಕಾದರೆ ಯಾವಾಗಲೂ ನಾವೇ ಹೋಗಿ ದೀಪ ಹಿಡಿಯಬೇಕು.

“ಮೂರು ತಿಂಗಳು ನೋಡೋಣಮ್ಮ,” ಎಂದರು. “ಆಮೇಲೆ ಮತ್ತೆ ಒಂದ್ಸಲ ಬರ್ತೀನಿ.”

“ಬನ್ನಿ ಸಾರ್. ನನಗೆ ಎಲ್ಲರೂ ಮೂರ್ಮೂರು ತಿಂಗಳೇ ಕೊಡೋದು. ನಿಮ್ಮದೂ ಡಾಕ್ಟರಮ್ಮಂದೂ ಒಂದೇ ತಾರೀಕಿಗೆ ಹಾಕಿಸ್ಕೊಂಡ್ರೆ ನನಗೆ ಒಂದು ರಜೆ ಉಳಿಯುತ್ತೆ.”

ಅವಳ ಹಳೆಯ ವಿಷಲ್ ಈಗ ಅತ್ತೆಯ ಕೊರಳಲ್ಲಿದೆ. ಚಹಾ ಬೇಕಾದರೆ ಎರಡು ಊದುತ್ತಾಳೆ. ಟೈಲರ್ ಮಗ ಎದ್ದು ಹೋಗಿ ಒಲೆ ಹಚ್ಚುತ್ತಾನೆ.

ಚೆಕಿಂಗ್ ಸಾಹೇಬರ ವಿಷಯ ಹೇಳಲಿಲ್ಲ. ಮೊನ್ನೆ ಅವರು ಮತ್ತೆ ನಮ್ಮ ಬಸ್ಸು ಹತ್ತಿದ್ದರು. ಟಿಕೆಟ್ ನೋಡಿದರು, ಎಲ್ಲ ಸರಿಯಾಗಿತ್ತು, ಮುಖ ಮೊದಲಿನಷ್ಟು ಸಪ್ಪಗಾಗಲಿಲ್ಲ. ನೀರಿನ ಟ್ಯಾಂಕಿನಲ್ಲಿ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ತಿರುಗಿದರು.

“ಅಕ್ಕಾ, ಇಳೀತೀನಿ. ಇಬ್ಬರ ಟಿಕೆಟ್ ನೋಡ್ಕೊಂಡು ವಾಪಸ್ ಹತ್ತಬೇಕು. ಅಲ್ಲಿವರೆಗೂ…”

“ಹೋಗಿ ಬನ್ನಿ ಸಾರ್. ಈಗ ಗಂಟೆ ಇಲ್ದೆ ಈ ಬಸ್ಸು ಒಂದು ಇಂಚು ಅಲುಗಾಡಲ್ಲ.”

ಸಾಹೇಬರು ಧೈರ್ಯವಾಗಿ ಕೆಳಗಿಳಿದರು. ಮೊದಲನೆಯವನ ಟಿಕೆಟ್ ಈಸಿಕೊಂಡರು.

ಹಿಂದಿನ ಬಾಗಿಲಿನಲ್ಲಿ ಅವಳು ಕೆಮ್ಮಿದಳು. ಒಂದು. ಎರಡು. ಆ ಕೆಮ್ಮು ಎದೆಯಿಂದ ಬಂದದ್ದೋ ಕುಚೋದ್ಯದಿಂದ ಬಂದದ್ದೋ, ಎಷ್ಟು ಕೇಳಿದರೂ ಅವಳು ಹೇಳುತ್ತಿಲ್ಲ.

ಬಸ್ಸು ಅಲುಗಾಡಲಿಲ್ಲ. ಆದರೆ ಚೆಕಿಂಗ್ ಸಾಹೇಬರು ಯಾರದೋ ಟಿಕೆಟ್ ಹಿಡಿದುಕೊಂಡೇ ಒಂದೇ ನೆಗೆತಕ್ಕೆ ಫುಟ್‌ಬೋರ್ಡ್ ಮೇಲಿದ್ದರು.

“ಫುಟ್‌ಬೋರ್ಡ್ ನಿಮ್ಮ ಮಾವನ ಮನೆ ಜಗುಲಿ ಅಲ್ಲ ಸಾರ್,” ಎಂದಳು ಕಂಡಕ್ಟರಕ್ಕ. “ಒಳಗೆ ಬನ್ನಿ.”